ಚಿತ್ತಿಲ್ಲದ ಪುಸ್ತಕ

ಅಪ್ಪನ ಹಳೆಯ ಕಾಗದ ಹುಡುಕುತ್ತ ಮಗಳು ಮೇಜಿನ ಮೂರನೆಯ ಖಾನೆಯನ್ನೂ ಎಳೆದು ನೆಲಕ್ಕೆ ಸುರಿದಳು. ಹಜಾರದಲ್ಲಿ ಅಪ್ಪನ ಶವವಿತ್ತು. ವಾಹನ ಬರಲು ಇನ್ನು ಅರ್ಧ ಗಂಟೆ. ಸಂತಾಪ ಹೇಳಲು ಬಂದಿದ್ದ ಔಷಧ ಕಂಪನಿಯ ವಕೀಲ ಬಾಗಿಲಲ್ಲೇ ನಿಂತು ಗಡಿಯಾರ ನೋಡುತ್ತಿದ್ದ.

“ಪೇಟೆಂಟಿನ ವಿಚಾರಣೆ ನಾಳೆ ಬೆಳಿಗ್ಗೆ. ಇವತ್ತು ಕೇಳಬಾರದು, ಗೊತ್ತು...”

“ಕೇಳಿದ್ದಾಯ್ತಲ್ಲ. ಅಪ್ಪ ಪ್ರಯೋಗ ಬರೆದಿಡ್ತಿದ್ದ ಪುಸ್ತಕ ನಿಮ್ಮ ಹತ್ರಾನೇ ಇದೆಯಲ್ಲ ಸರ್?”

“ಅದೇ ತಲೆನೋವು. ಒಂದು ಚಿತ್ತಿಲ್ಲ, ಕಾಟಿಲ್ಲ. ಮೊದಲ ಸಲಕ್ಕೇ ಆಗೋಯ್ತು ಅನ್ನೋ ಹಾಗಿದೆ. ಎದುರಿನವರು ಹೇಳೋದೂ ಅದೇ. ಮದ್ದಿನ ಮೇಲಿನ ಈ ಲೇಪ ಯಾರು ಬೇಕಾದ್ರೂ ಮಾಡಬಹುದಿತ್ತು, ಹೊಸದೇನಿದೆ ಅಂತ. ಸೋತ ಪ್ರಯೋಗದ್ದು ಏನಾದ್ರೂ ಸಿಕ್ಕಿದ್ರೆ, ಸುಲಭ ಇರಲಿಲ್ಲ ಅಂತ ತೋರಿಸಬಹುದು...”

ಮಗಳಿಗೆ ಮೈ ಉರಿಯಿತು. ಯಾರು ಬೇಕಾದರೂ ಅಂತೆ! ಸಾಸಿವೆಯಷ್ಟು ಮದ್ದಿನ ಕಾಳಿಗೆ ಪಾಲಿಮರಿನ ತೆಳುಸಿಪ್ಪೆ ಹೊದಿಸಿ, ಬೆಳಿಗ್ಗೆ ನುಂಗಿದ್ದು ಸಂಜೆಯವರೆಗೆ ಚೂರುಚೂರೇ ಕರಗುವಂತೆ ಮಾಡಲು ಆ ಮನುಷ್ಯ ಆರು ವರ್ಷ ಜೀವ ತೇಯ್ದಿದ್ದ.

“ಮಷೀನು ಕಟ್ಟಿಕೊಂಡ್ರೆ ಮಷೀನಿಗೇ ಬೈಯೋನು, ನಮಗಲ್ಲ,” ಎಂದು ಅಪ್ಪನ ಜೊತೆ ದುಡಿದಿದ್ದ ಆಪರೇಟರ್ ಮೂಗೊರೆಸಿಕೊಂಡ. “ಆದ್ರೆ ನಮ್ಮ ಬಾಯಿಮಾತು ಅಲ್ಲಿ ನಡೆಯುತ್ತಾ?”

ವಕೀಲ ತಲೆಯಾಡಿಸಿದ. ನಡೆಯುವುದಿಲ್ಲ.

*

ಆಗ ಅವಳಿಗೆ ಹನ್ನೆರಡು. ಅಪ್ಪ ಊಟದ ಮೇಜಿನ ಮೇಲೆ ಸ್ಕೇಲಿಟ್ಟು ಪುಸ್ತಕಕ್ಕೆ ಗೆರೆ ಎಳೆಯುತ್ತಿದ್ದ.

“ಕಾಳೆಲ್ಲ ಅಂಟಿ ಮುದ್ದೆ ಆಯ್ತು ಅಂದ್ಯಲ್ಲಪ್ಪಾ, ಅದನ್ನ ಬರೆಯಲ್ವಾ?”

“ಅದನ್ನ ಬಿಡಿಹಾಳೇಲಿ ಬರೀತೀನಿ ಕಣೇ. ಪುಸ್ತಕ ನಾಲ್ಕು ಜನ ನೋಡೋದು. ಮನೆಗೆ ಬಂದವರಿಗೆ ಸೀದ ಅಡುಗೆ ಬಡಿಸ್ತೀವಾ?”

ಸೋತದ್ದನ್ನು ಮರೆಮಾಡುವುದೇ ಮರ್ಯಾದೆ ಎಂದು ನಂಬಿದ್ದ, ಪಾಪ.

*

“ಏನೇ ಅದು ಸದ್ದು?” ಅಮ್ಮ ಹಜಾರದಿಂದ ಎದ್ದು ಬಂದಳು. ಅತ್ತು ಮುಖ ಬಾತುಹೋಗಿತ್ತು. ಮಗಳು ಹೇಳಿದಳು.

“ಆ ಹಾಳೆಗಳಾ? ನನ್ನ ಕೇಳೋದಲ್ವಾ!”

ಅಮ್ಮ ನೇರ ಅಡುಗೆಮನೆಗೆ ನಡೆದು ಮೇಲಿನ ಶೆಲ್ಫಿನ ಡಬ್ಬಗಳನ್ನು ಇಳಿಸತೊಡಗಿದಳು. “ಎಸೀತೀನಿ ಅಂತಿದ್ರು. ಒಂದು ಕಡೆ ಖಾಲಿ ಇತ್ತಲ್ಲ, ಅದನ್ನ ಮೇಲೆ ಮಾಡಿ ಡಬ್ಬಗಳಡಿ ಹಾಸ್ಕೊಂಡೆ.”

ಮಗಳು ಒಂದು ಹಾಳೆ ಕಿತ್ತು ಮಗುಚಿದಳು. ಎಣ್ಣೆಯ ಉಂಗುರದ ನಡುವೆ ಅಪ್ಪನ ಅಕ್ಷರ, ತಾರೀಖು, ಸಹಿ. ಅದರಡಿ ಇನ್ನೊಂದು ಪದರ, ಅದರಡಿ ಮತ್ತೊಂದು.

ಹೊರಗೆ ವಾಹನದ ಹಾರನ್ ಕೇಳಿತು. ಅಮ್ಮ ನಿಲ್ಲಿಸಲಿಲ್ಲ. ಇಳಿಸಿದ ಡಬ್ಬಗಳನ್ನೆಲ್ಲ ವಕೀಲನ ಕೈಗೆ ಪೇರಿಸುತ್ತಿದ್ದಳು. ಅವನು ಮೇಲಿನದನ್ನು ಗದ್ದದಿಂದ ಒತ್ತಿ ಹಿಡಿದು, ಕದಲದೆ ಕೇಳುತ್ತಿದ್ದ. ಮಗಳು ಹಜಾರಕ್ಕೂ ಕೇಳುವಂತೆ ಗಟ್ಟಿಯಾಗಿ ಓದುತ್ತಿದ್ದಳು: “ಅಂಟಿತು. ಒಡೆಯಿತು. ಎರಡೇ ಗಂಟೆಗೆ ಕರಗಿತು. ಮತ್ತೆ ಅಂಟಿತು.”