ನಕ್ಷತ್ರ ಹಾಕಿದ ಸಾಲು

“ಈ ಎಲೆ ಅಗಿದರೆ ಹಾವಿನ ವಿಷ ಇಳಿಯುತ್ತೆ ಅಂತ ನಾನ್ಯಾವಾಗ ಹೇಳಿದೆ?” ಅತ್ತೆ ಪರದೆಗೆ ಮೂಗು ತಾಗಿಸಿ ಕೇಳಿದರು. “ಅದೂ ಇಷ್ಟು ದಪ್ಪ ಅಕ್ಷರದಲ್ಲಿ!”

ಕಂಪ್ಯೂಟರ್ ಮುಂದೆ ಕೂತಿದ್ದ ಅಣ್ಣನ ಮಗಳು ಬೆವರಿದಳು. ಸಸ್ಯಶಾಸ್ತ್ರ ಪಾಠ ಹೇಳಿದ ನಲವತ್ತು ವರ್ಷವೂ ಅತ್ತೆಗೆ ಒಂದು ಅಭ್ಯಾಸ: ಟಿಪ್ಪಣಿಯಲ್ಲಿ ತಾವು ಪರೀಕ್ಷಿಸದ ಮಾತಿಗೆ ಎರಡೂ ಕಡೆ ನಕ್ಷತ್ರ ಚಿಹ್ನೆ. ಆ ಟಿಪ್ಪಣಿಗಳನ್ನು ವೆಬ್ ಪುಟವಾಗಿಸುವ ಸಾಫ್ಟ್‌ವೇರ್ ಲೈಬ್ರರಿಗೂ ಒಂದು ಅಭ್ಯಾಸ: ನಕ್ಷತ್ರದ ನಡುವಿನದೆಲ್ಲ ದಪ್ಪಕ್ಷರ. ಹೀಗಾಗಿ ಅತ್ತೆ ನಂಬದ ಮಾತುಗಳೇ ಎದೆಯುಬ್ಬಿಸಿ ನಿಂತಿದ್ದವು.

“ನಾಲ್ಕು ಗಂಟೆಗೆ ನನ್ನ ಹಳೇ ವಿದ್ಯಾರ್ಥಿಗಳೆಲ್ಲ ನೋಡ್ತಾರೆ. ಯಾವನಾದ್ರೂ ನಂಬಿ ಎಲೆ ಅಗೀತಾ ಕೂತ್ರೆ? ನನ್ನ ಮಾನ ಉಳಿಯುತ್ತೇನೇ?”

“ಮುನ್ನೂರು ಕಡೆ ಇದೆ, ಕೈಯಲ್ಲಿ ತಿದ್ದೋಕಾಗಲ್ಲ. ಕಾಲ್‌ಬ್ಯಾಕ್ ಬರೀತೀನಿ, ತಾಳಿ ಅತ್ತೆ.”

“ಹಾಗಂದ್ರೆ?”

“ಈ ಲೈಬ್ರರಿ ಗಾರೆ ಮೇಸ್ತ್ರಿ ಇದ್ದ ಹಾಗೆ. ತನ್ನಷ್ಟಕ್ಕೆ ಗೋಡೆ ಕಟ್ತಾ ಹೋಗುತ್ತೆ. ಕಿಟಕಿ ಬಂದಾಗ ನನ್ನನ್ನ ಕೂಗು ಅಂತ ಹೇಳಿಟ್ರೆ ಕೂಗುತ್ತೆ. ನಕ್ಷತ್ರ ಸಿಕ್ಕಾಗಲೆಲ್ಲ ನಾನು ಬರೆದಿಟ್ಟ ಪುಟ್ಟ ಪ್ರೋಗ್ರಾಂ, ಅಂದ್ರೆ ಫಂಕ್ಷನ್ ಕರೆದು, ‘ಇದನ್ನೇನು ಮಾಡ್ಲಿ?’ ಅಂತ ಕೇಳಿ, ಅದು ಹೇಳಿದ್ದನ್ನೇ ಬರೆಯುತ್ತೆ.”

“ಕೇಳಿ ಮಾಡುತ್ತಾ? ನಿಮ್ಮ ಮಾವನಿಗಿಂತ ವಾಸಿ.”

ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಮಾವ ಕೇಳಿಸದವರಂತೆ ಕ್ಲಿಪ್ಪು ಹುಡುಕಿದರು.

ಆರೇ ಸಾಲಿನ ಫಂಕ್ಷನ್: ನಕ್ಷತ್ರದ ನಡುವಿನ ಮಾತಿಗೆ ತೆಳು ಬೂದು ಬಣ್ಣ, ಕೊನೆಗೊಂದು ಪ್ರಶ್ನೆ ಚಿಹ್ನೆ. ಮೂರೂವರೆಗೆ ಪ್ರೋಗ್ರಾಂ ಓಡಿಸಿದಾಗ ಹಾವಿನ ವಿಷದ ಮಾತು ಬಾಲ ಮುದುರಿಕೊಂಡಿತು. ಅತ್ತೆಯ ಮುಖ ಅರಳಿತು.

ಮಾವ ಕೈಯೊರೆಸಿಕೊಳ್ಳುತ್ತ ಬಂದು ಮೊದಲ ಪುಟ ಓದಿದರು. “‘ಅರ್ಪಣೆ, ನನ್ನ ಗಂಡನಿಗೆ. ನಾನು ಗಿಡ ಹುಡುಕಿ ಅಲೆಯುವಾಗ ಇವರು ಮನೆಯ ಕುಂಡಗಳಿಗೆ ದಿನವೂ ನೀರು ಹಾಕಿದರು?’ ಪ್ರಶ್ನೆ ಚಿಹ್ನೆ ಯಾಕಮ್ಮಾ?”

ಅವಳು ಕೀಲಿಮಣೆಗೆ ಕೈ ಹಾಕಿದಳು. “ಅಯ್ಯೋ ಮಾವ, ಇಲ್ಲಿ ಒತ್ತು ಕೊಡೋಕೆ ನಕ್ಷತ್ರ ಹಾಕಿರ್ತಾರೆ. ಈ ಪುಟ ಬಿಟ್ಟುಬಿಡು ಅಂತ ಒಂದು ಸಾಲು ಸೇರಿಸ್ತೀನಿ...”

“ಬೇಡ,” ಅಂದರು ಅತ್ತೆ. “ನಾನು ನಕ್ಷತ್ರ ಹಾಕೋದು ಒಂದೇ ಕಾರಣಕ್ಕೆ.”

ಮಾವ ಬಾಲ್ಕನಿಯ ಮೂಲೆಯ ಜರೀಗಿಡದ ಕಡೆ ನೋಡಿದರು. “ಒಂದ್ಸಲ ಎಂಟು ದಿನ ಮರೆತೆ. ಒಣಗಿಹೋಯ್ತು. ಅಂಥದೇ ಇನ್ನೊಂದು ತಂದಿಟ್ಟೆ.”

“ಅಂಥದೇ! ಜಾತೀನೇ ಬೇರೆ, ರೀ. ಎಲೆ ತಿರುಗಿಸಿ ನೋಡಿದ ದಿನವೇ ಗೊತ್ತಾಯ್ತು.”

“ಮತ್ತೆ ಹದಿನೆಂಟು ವರ್ಷ ಬಾಯಿ ಬಿಡಲಿಲ್ಲ?”

“ಇದಕ್ಕೆ ಒಂದು ದಿನವೂ ತಪ್ಪಿಸಲಿಲ್ವಲ್ಲ ನೀವು.”

ಅತ್ತೆ ಕೀಲಿಮಣೆ ಎಳೆದುಕೊಂಡು ‘ದಿನವೂ’ ಅಳಿಸಿದರು. ಆಮೇಲೆ ನಕ್ಷತ್ರಗಳನ್ನೂ. ಮತ್ತೆ ಓಡಿಸಿದಾಗ ಆ ಸಾಲಿನ ಬಳಿ ಲೈಬ್ರರಿ ಯಾರನ್ನೂ ಕೂಗಲಿಲ್ಲ. ಸಾಲು ಕಪ್ಪಗೆ, ನೆಟ್ಟಗೆ ನಿಂತಿತು.

ನಾಲ್ಕಕ್ಕೆ ಎರಡು ನಿಮಿಷವಿತ್ತು. ಮಾವ ಆಗಲೇ ಮಗ್ಗು ಹಿಡಿದು ಬಾಲ್ಕನಿಯಲ್ಲಿದ್ದರು. ಬೆಳಿಗ್ಗೆಯೇ ನೀರು ಕುಡಿದಿದ್ದ ಜರೀಗಿಡದ ತಟ್ಟೆ ತುಂಬಿ, ಒಣಹಾಕಿದ ಬಟ್ಟೆಗಳ ಕೆಳಗೆ ನೀರು ಸಣ್ಣಗೆ ಹರಿಯತೊಡಗಿತು.