ಮುರುಗೇಶರ ಎಡಗಾಲು

ಹೊಸಪೇಟೆಯಿಂದ ತೋರಣಗಲ್ಲಿಗೆ ಹೋಗುವ ದಾರಿಯಲ್ಲಿರುವ ಆ ಕಾರ್ಖಾನೆಯಲ್ಲಿ ಉಕ್ಕಿನ ಕೆಲಸದವರ ಬೂಟು ತಯಾರಾಗುತ್ತವೆ. ಚರ್ಮವನ್ನು ಎಳೆದು ಬೂಟಿಗೆ ಮೂಗು ಕೂರಿಸುವ ಮಷಿನ್ ಅಲ್ಲಿ ಒಂದೇ. ಅದರ ಸೀಟು ಮೂರು ತಿಂಗಳಿನಿಂದ ಖಾಲಿ. ಸೂಪರ್‌ವೈಸರ್ ಮುರುಗೇಶ್ ತಾವೇ ಅದನ್ನು ಓಡಿಸುತ್ತ, ಯಾರೂ ಸಿಗುತ್ತಿಲ್ಲವೆಂದು ಗೊಣಗುತ್ತಿದ್ದರು.

ಸಿಗದಿರಲು ಕಾರಣ ಅವರೇ. ಆ ಸೀಟು ಬೇಕೆಂದವರು ಎಂಟನೇ ನಂಬರಿನ ಒಂದು ಜೊತೆ ಮಾಡಿಕೊಡಬೇಕು. ಅದನ್ನು ಮುರುಗೇಶ್ ಒಂದು ಪಾಳಿ ಪೂರ್ತಿ ಹಾಕಿಕೊಂಡು ಓಡಾಡುತ್ತಾರೆ. ಕಣ್ಣಿಗಿಂತ ಕಾಲನ್ನು ನಂಬುವ ಮನುಷ್ಯ. ಈವರೆಗೆ ಮೂವರು ಮಾಡಿಕೊಟ್ಟಿದ್ದರು. ಮೂರೂ ಸಲ ಮುರುಗೇಶ್ ಊಟದ ಗಂಟೆಗೆ ಮೊದಲೇ "ಎಡಗಾಲು ಹಿಡೀತದ. ಎಳೆತ ಸೊಟ್ಟ" ಎಂದು ಬಿಚ್ಚಿಟ್ಟರು.

ನಾಲ್ಕನೆಯವಳು ಮಲಪನಗುಡಿಯ ಹೇಮಾ.

"ನೀನೇ ಕಡೀಕಿನಾಕಿ" ಎಂದರು ಮುರುಗೇಶ್. "ನೀನೂ ಫೇಲಾದ್ರ ಹೊರಗಿನವರನ್ನ ತರಿಸ್ತೀನಿ. ಆಮ್ಯಾಲ ಯಾರೂ ಕೇಳಬ್ಯಾಡ್ರಿ."

ಹೇಮಾ ನಾಲ್ಕು ವರ್ಷದಿಂದ ಪ್ಯಾಕಿಂಗ್ ಮೇಜಿನಲ್ಲಿದ್ದಳು. ಎಡಕ್ಕೆ ಬಲ, ಎಂಟಕ್ಕೆ ಎಂಟು, ನಡುವೆ ಕಾಗದ, ಮೇಲೆ ಮುಚ್ಚಳ. ಯಾರ ಮನೆಗೆ ಹೋದರೂ ಹೊಸ್ತಿಲಲ್ಲಿ ಬಿಟ್ಟ ಚಪ್ಪಲಿಗಳನ್ನು ಜೊತೆ ಮಾಡಿಟ್ಟೇ ಒಳಗೆ ಹೋಗುವಳು. ಪ್ಯಾಕಿಂಗ್ ಸಾಕಾಗಿತ್ತು. ಊಟದ ಹೊತ್ತಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದರೆ ಅವಳು ಮಷಿನ್ ಬಳಿ ನಿಂತು ಕೈ ಕಲಿತಿದ್ದಳು.

ಸೋಮವಾರ ಮಧ್ಯಾಹ್ನ ಅವಳ ಸರದಿ. ಹಬೆಯ ಪೆಟ್ಟಿಗೆಯಿಂದ ಚರ್ಮ ತೆಗೆದಾಗ ಹದ ಬೆರಳಿಗೆ ಗೊತ್ತಾಗಬೇಕು. ಬಿಸಿ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಸುಕ್ಕು. ಪ್ಲಾಸ್ಟಿಕ್ ಪಾದದ ಮೇಲೆ ನಡುಗೆರೆ ನೋಡಿ ಅದನ್ನು ಕೂರಿಸಿ ಪೆಡಲ್ ಒತ್ತಿದರೆ ಏಳು ಇಕ್ಕಳ ಒಟ್ಟಿಗೆ ಕಚ್ಚುತ್ತವೆ. ಅಲ್ಲಿ ನಿಲ್ಲಿಸಬೇಕು. ತಿದ್ದುವುದಿದ್ದರೆ ಆಗಲೇ. ಎರಡನೇ ಸಲ ಒತ್ತಿದ ಮೇಲೆ ಅಂಟು ಯಾರ ಮಾತನ್ನೂ ಕೇಳುವುದಿಲ್ಲ.

ಸಂಜೆ ಹೊತ್ತಿಗೆ ಅವಳ ಬೂಟು ಅಡಿ ಹಾಕುವ ಮಷಿನ್‌ಗೆ ಬಂದವು. ಅಲ್ಲಿದ್ದವಳು ಬುಕ್ಕಸಾಗರದ ಜಂಬಕ್ಕ. ಒಂದೊಂದನ್ನೇ ಎತ್ತಿ ನೋಡಿದಳು.

"ಲೇ ಹೇಮಾ, ತಲಿ ಕೆಟ್ಟೈತೇನು? ಎಡದ್ದು ಒಂಬತ್ತು, ಬಲದ್ದು ಎಂಟು!"

"ಗೊತ್ತೈತಿ ಅಕ್ಕಾ. ಹಾಕು."

"ಪ್ಯಾಕಿಂಗ್‌ನಾಗ ಹಿಂಗ ಮಾಡಿದ್ರ ಮನಿಗೆ ಕಳಿಸ್ತಾರ."

"ಮುರುಗೇಶ್ ಸರ್ ಬಾಗಿಲಾಗ ಚಪ್ಪಲಿ ಬಿಡ್ತಾರಲ್ಲ, ನೋಡೀಯೇನು? ಎಡಗಡೀದ್ರಾಗ ಹೆಬ್ಬೆರಳಿನ ಗುರುತು ಅಂಚಿಗೇ ಬಂದೈತಿ. ಬಲಗಡೀದ್ರಾಗ ಇನ್ನೂ ಅರ್ಧ ಬೆರಳು ಜಾಗ ಐತಿ."

ಜಂಬಕ್ಕ ಬಾಗಿಲಿನ ಕಡೆ ಹೋಗಿ, ನೀರು ಕುಡಿಯುವವಳಂತೆ ನಿಂತು, ಬಗ್ಗಿ ನೋಡಿ ಬಂದಳು. ಎರಡಕ್ಕೂ ಅಡಿ ಹಾಕಿದಳು. ಒಂದರಡಿ ಒಂಬತ್ತು ಮೂಡಿತು, ಇನ್ನೊಂದರಡಿ ಎಂಟು.

ಮಂಗಳವಾರ ಮುರುಗೇಶ್ ಅವನ್ನು ಹಾಕಿಕೊಂಡರು. ಹತ್ತು ಗಂಟೆಗೆ ಲೇಸು ಸಡಿಲಿಸಲಿಲ್ಲ. ಊಟದ ಗಂಟೆ ಹೊಡೆಯಿತು, ಬಿಚ್ಚಲಿಲ್ಲ. ಮೂರು ಗಂಟೆಗೆ ಗೋಡೌನ್ ಮೆಟ್ಟಿಲನ್ನು ಕೆಲಸವಿಲ್ಲದೆ ಎರಡು ಸಲ ಹತ್ತಿ ಇಳಿದರು. ಚಹಾದ ಹೊತ್ತಿಗೆ ಎಲ್ಲರ ನಡುವೆ ಕುರ್ಚಿ ಹಾಕಿಸಿಕೊಂಡು ಕಾಲ ಮೇಲೆ ಕಾಲು ಹಾಕಿದರು.

"ಇದಕ್ಕಂತಾರ ಎಳೆತ! ಉಳದವರು ಕಲೀರಿ. ಕಾಲಿಗೆ ಬೂಟು ಹಾಕೀನಿ ಅನ್ನೋದ ಮರತೋಗಿತ್ತು."

ಬೂಟು ಮಾಡುವವರು ಬೂಟಿನ ಮುಖ ನೋಡುವುದಿಲ್ಲ, ಅಡಿ ನೋಡುತ್ತಾರೆ. ಎದುರಿಗೇ ಕೂತಿದ್ದವಳು ಉಚ್ಚೆಂಗಮ್ಮ, ಮೊಟ್ಟಮೊದಲು ಫೇಲಾದವಳು.

"ಸರ್, ಮ್ಯಾಲಿನ ಕಾಲಾಗ ಒಂಬತ್ತೈತ್ರಿ" ಎಂದಳು. "ಕೆಳಗಿಂದು ಎತ್ರಿ. ಅಯ್ಯ! ಎಂಟು!"

ಮುರುಗೇಶ್ ಎರಡೂ ಪಾದ ಎತ್ತಿ ನೋಡಿಕೊಂಡರು. ಕುರ್ಚಿ ಹಿಂದಕ್ಕೆ ವಾಲಿತು, ಜಂಬಕ್ಕ ಹಿಡಿದಳು.

"ಏನಿದು ಹೇಮಾ? ಜೋಡಿ ತಪ್ಪಿಸಿ ಮಾಡೀಯಲ್ಲ! ಫೇಲು!"

ಹೇಮಾ ಎದ್ದು ನಿಂತಳು. "ಬೂಟು ಜೋಡಿ ತಪ್ಪಿಲ್ರೀ ಸರ್. ನಿಮ್ಮ ಕಾಲು ತಪ್ಪ್ಯಾವು."

ಯಾರೋ ಅಳತೆ ಪಟ್ಟಿ ತಂದರು. ಮುರುಗೇಶ್ ಬ್ಯಾಡ ಬ್ಯಾಡ ಎನ್ನುತ್ತಲೇ ಕಾಲಿಟ್ಟರು. ಎಡ ಒಂಬತ್ತು. ಬಲ ಎಂಟು. ಮತ್ತೊಮ್ಮೆ ಅಳೆಸಿಕೊಂಡರು. ಪಟ್ಟಿ ತಿರುವಿ ಅಳೆಸಿಕೊಂಡರು.

"ಹಂಗಾದ್ರ ನನ್ನ ಎಳೆತ ಸೊಟ್ಟ ಇದ್ದಿಲ್ಲ!" ಉಚ್ಚೆಂಗಮ್ಮ ಸೊಂಟಕ್ಕೆ ಕೈ ಕೊಟ್ಟಳು. "ಮೂರು ತಿಂಗಳು ಮನಿಯಾಗ ಸೊಟ್ಟಗೈ ಅನಿಸ್ಕೊಂಡೀನ್ರಿ."

"ಅದಿರ್ಲಿ" ಎಂದರು ಮುರುಗೇಶ್, ಹೇಮಾಳ ಕಡೆ ತಿರುಗಿ. "ಒಂಬತ್ತರ ಬಲ, ಎಂಟರ ಎಡ ಉಳೀತಲ್ಲ, ಅವಕ್ಕ ಯಾರು ಗತಿ?"

"ಅವನ್ನೂ ಮಾಡಿಟ್ಟೀನ್ರಿ. ನಿಮಗ ಉಲ್ಟಾ ಇದ್ದವರಿಗೆ ಆಗ್ತಾವ."

ಕೂಡಲೇ ಉಲ್ಟಾ ಕಾಲಿನವರನ್ನು ಹುಡುಕುವುದು ಶುರುವಾಯಿತು. ಗಂಡಸರೆಲ್ಲ ಸಾಲುಗಟ್ಟಿ ಕಾಲಿಟ್ಟರು. ಕೂದಲಷ್ಟಾದರೂ ವ್ಯತ್ಯಾಸವಿಲ್ಲದ ಜೋಡಿ ಕಾಲು ಒಂದೂ ಸಿಗಲಿಲ್ಲ. ಕೊನೆಗೆ ಎಲೆಕ್ಟ್ರಿಷಿಯನ್ ಜಂಬುನಾಥನ ಬಲಗಾಲು ಒಂಬತ್ತು ಮುಟ್ಟಿತು, ಎಡ ಎಂಟಕ್ಕೇ ನಿಂತಿತು. ಅವನಿಗೆ ಚಪ್ಪಾಳೆ ಬಿತ್ತು. ಯಾಕೆಂದು ತಿಳಿಯದೆ ಅವನೂ ಚಪ್ಪಾಳೆ ತಟ್ಟಿದ.

"ನಗಬ್ಯಾಡ್ರಿ" ಎಂದರು ಮುರುಗೇಶ್, ತಾವೇ ನಗು ತಡೆಯುತ್ತ. "ಹೇಮಾ, ನನ್ನ ಕಾಲು ನೋಡಿ ಪಾಸಾಗೋದು ಕೆಲಸ ಅಲ್ಲ. ತೋರಣಗಲ್ಲಿನವರು ನನ್ನ ಕಾಲು ಹಾಕ್ಕೊಂಡು ಕೆಲಸಕ್ಕ ಹೋಗಂಗಿಲ್ಲ. ಈಗ ನನ್ನೆದುರಿಗೆ ಎಂಟು-ಎಂಟು ಮಾಡು."

ಈ ಸಲ ಊಹಿಸಲು ಯಾರ ಚಪ್ಪಲಿಯೂ ಇರಲಿಲ್ಲ. ಹೇಮಾ ಹಬೆಯ ಪೆಟ್ಟಿಗೆ ತೆರೆದಳು. ಚರ್ಮ ಮುಟ್ಟಿ ಮತ್ತೆ ಮುಚ್ಚಿದಳು. ಮನಸ್ಸಿನಲ್ಲೇ ಹತ್ತು ಎಣಿಸಿ ತೆಗೆದಳು. ಪೆಡಲ್ ಒಮ್ಮೆ. ನಡುಗೆರೆ ಅಕ್ಕಿಕಾಳಿನಷ್ಟು ಬಲಕ್ಕಿತ್ತು. ಬಿಟ್ಟಳು, ತಿದ್ದಿದಳು, ಮತ್ತೆ ಒತ್ತಿದಳು. ಎರಡನೇ ಬೂಟಿಗೆ ತಿದ್ದುವ ಕೆಲಸವೇ ಬೀಳಲಿಲ್ಲ.

ಮುರುಗೇಶ್ ಎರಡರ ಮೂಗೂ ಜೋಡಿಸಿ, ಮೇಜಿನ ಮಟ್ಟಕ್ಕೆ ಕಣ್ಣು ತಂದು ನೋಡಿದರು. ಹೆಬ್ಬೆರಳಿನಿಂದ ಸುಕ್ಕು ಹುಡುಕಿದರು. ಅಭ್ಯಾಸಬಲದಿಂದ ಕಾಲಿನ ಬೂಟು ಬಿಚ್ಚಲು ಬಗ್ಗಿದರು.

"ಸರ್!" ಎಂದು ಇಡೀ ಶೆಡ್ಡು ಕೂಗಿತು.

ಅವರು ನೆಟ್ಟಗಾದರು. "ಕುಂದ್ರು. ಸೀಟು ನಿಂದು."

"ಮತ್ತ ನಂದು?" ಉಚ್ಚೆಂಗಮ್ಮ ಅಲ್ಲೇ ನಿಂತಿದ್ದಳು.

"ಎರಡನೇ ಪಾಳಿಗೂ ಮಷಿನ್ ಓಡಸೋಣಂತ. ಅದು ನಿಂದು."

"ನನಗ ಮುಂಜಾನಿ ಪಾಳೀನ ಬೇಕ್ರಿ. ಮೊದಲು ಮಾಡಿದಾಕಿ ನಾನು."

ಎಲ್ಲರೂ ಹೇಮಾಳ ಮುಖ ನೋಡಿದರು. ಅವಳಿಗೂ ಮುಂಜಾನೆಯದೇ ಬೇಕಿತ್ತು. ಆದರೆ ಉಚ್ಚೆಂಗಮ್ಮನ ಮಾತೂ ಸುಳ್ಳಲ್ಲ.

"ತಗೋ ಅಕ್ಕಾ, ನಾಳಿಂದ ಮುಂಜಾನಿ ನಿಂದು" ಎಂದಳು, ಸೀಟಿನಲ್ಲಿ ಕೂರುತ್ತ.

"ಈಗ ಏಳು ಮತ್ತ, ಒಂದು ಜೋಡು ಎಳದು ನೋಡ್ತೀನಿ."

"ನಾಳಿಂದ ಅಂದೆ."

ಪಾಳಿ ಮುಗಿಯಲು ಇನ್ನೂ ಇಪ್ಪತ್ತು ನಿಮಿಷವಿತ್ತು. ಹೇಮಾ ಮುಂದಿನ ಚರ್ಮಕ್ಕೆ ಕೈ ಚಾಚಿದಳು.