ಮೂರು ಮನೆಗೆ ಒಂದೇ ಮೀಟರು

ನಾನು ನೀರು ಕಾಯಿಸುವ ಗಾಜಿನ ಕೊಳವೆ. ಸ್ನಾನದ ನೀರಲ್ಲ, ಮೀನಿನ ನೀರು. ಗೇಣಿಗಿಂತ ತುಸು ಉದ್ದ, ಹೆಬ್ಬೆರಳಿಗಿಂತ ತುಸು ದಪ್ಪ. ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ ತಿಳಿಯದು. ಯಾರೋ ಹೆಂಗಸಿನ ಬೆರಳುಗಳು ಸುರುಳಿ ಸುತ್ತಿದ ತಂತಿಯನ್ನು ನನ್ನ ಹೊಟ್ಟೆಗೆ ಇಳಿಸಿ, ನುಣ್ಣನೆಯ ಮರಳು ಸುರಿದು, ಬಾಯಿಗೆ ಕಪ್ಪು ರಬ್ಬರಿನ ಬಿರಡೆ ಬಿಗಿದದ್ದು ಮಾತ್ರ ನೆನಪಿದೆ. ತಲೆಯ ಮೇಲೊಂದು ತಿರುಗುಣಿ, ಪಕ್ಕದಲ್ಲೊಂದು ಕೆಂಪು ದೀಪ. ನೀರು ತಣ್ಣಗಾದರೆ ದೀಪ ಹೊತ್ತಬೇಕು, ಬೆಚ್ಚಗಾದರೆ ಆರಬೇಕು. ನಾನು ಕಲಿತ ವಿದ್ಯೆ ಇಷ್ಟೇ.

ಹಾಸನದಲ್ಲಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಇಲಿಯಾಸನ ಮೀನಿನ ಅಂಗಡಿ ಇದೆ. ಅಲ್ಲಿ ಗಾಜಿನ ಕಪಾಟಿನಲ್ಲಿ ಕೂತಿದ್ದ ನನ್ನನ್ನು ಕೊಂಡವರು ದೊರೆಸ್ವಾಮಿ. ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಇಡೀ ದಿನ ಮೈಕಿನ ಮುಂದೆ ಕೂತು ಅರಸೀಕೆರೆ ಬಸ್ಸು, ಬೇಲೂರು ಬಸ್ಸು ಎಂದು ಕೂಗಿ ಕೂಗಿ ಗಂಟಲು ಕಟ್ಟಿಕೊಂಡು ಮನೆಗೆ ಬರುವ ಮನುಷ್ಯ. ಮನೆಯಲ್ಲಿ ಅವರಿಗೆ ಮಾತು ಬೇಡ. ಮೀನಿನ ತೊಟ್ಟಿಯ ಮುಂದೆ ಕುರ್ಚಿ ಎಳೆದುಕೊಂಡು ಕೂತರೆ ಊಟಕ್ಕೆ ಎಬ್ಬಿಸುವುದೇ ಹೆಂಡತಿ ಕೋಮಲಳಿಗೆ ಕಷ್ಟ. ಬಹಳ ದಿನ ಆಸೆಪಟ್ಟು ಅವರು ಒಂದು ಜೋಡಿ ಡಿಸ್ಕಸ್ ಮೀನು ತಂದಿದ್ದರು. ತಟ್ಟೆಯ ಹಾಗೆ ಚಪ್ಪಟೆ ಮೈ, ಕಿತ್ತಳೆ ಬಣ್ಣ, ಮೈತುಂಬ ನೀಲಿ ಗೆರೆ.

"ಈ ಮೀನು ನಮ್ಮೂರ ಚಳಿ ತಡೆಯಲ್ಲ ಸರ್. ಹೀಟರ್ ಬೇಕೇ ಬೇಕು," ಎಂದಿದ್ದ ಇಲಿಯಾಸ್.

"ಕರೆಂಟು ಜಾಸ್ತಿ ಎಳೀತದಾ?"

"ಎಳೀತದೆ, ಸುಳ್ಳು ಯಾಕೆ ಹೇಳ್ಲಿ? ಮೇಲೆ ಗಾಜು ಮುಚ್ಚಿ, ಮೂರು ಕಡೆ ಥರ್ಮಾಕೋಲ್ ಅಂಟಿಸಿ. ಶಾಖ ಆಚೆ ಹೋಗಲ್ಲ. ಇದು ಉರಿಯೋದೂ ಕಮ್ಮಿ ಆಗ್ತದೆ."

ದೊರೆಸ್ವಾಮಿ ತಲೆಯಾಡಿಸಿದರು. ಆದರೆ ಅಂಥ ಚೆಲುವಾದ ತೊಟ್ಟಿಗೆ ಥರ್ಮಾಕೋಲ್ ಅಂಟಿಸಲು ಅವರಿಗೆ ಮನಸ್ಸು ಬರಲಿಲ್ಲ. ಗಾಜು ಮುಚ್ಚಿದರೆ ಮೀನುಗಳು ಮೇಲೆ ಬಂದು ಕೈಯಿಂದ ಕಾಳು ತಿನ್ನುವುದನ್ನು ನೋಡಲಾಗುವುದಿಲ್ಲ. ಎರಡೂ ಬಿಟ್ಟುಹೋದವು. ನನ್ನನ್ನು ಗಿಡಗಳ ಮರೆಯಲ್ಲಿ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ ನಿಲ್ಲಿಸಿದರು. ಚಳಿಗಾಲ ಬಂತು. ಬಾಯಿ ತೆರೆದ ತೊಟ್ಟಿ. ನಾನು ಕಾಯಿಸಿದಷ್ಟೂ ನೀರು ಆರುತ್ತಿತ್ತು. ನನ್ನ ಕೆಂಪು ದೀಪ ಆರುವುದನ್ನೇ ಮರೆಯಿತು.

ಅದು ಮೂರು ಮನೆಯ ವಠಾರ. ನಡುವೆ ಅಂಗಳ, ಅಂಗಳದಲ್ಲಿ ನಲ್ಲಿ, ಗೇಟಿನ ಬಳಿ ಮೂರು ಮನೆಗೂ ಸೇರಿ ಒಂದೇ ಕರೆಂಟು ಮೀಟರು. ಮಾಲೀಕರು ಸಕಲೇಶಪುರದಲ್ಲಿ ಇದ್ದರು, ಬಾಡಿಗೆ ಬಂದರೆ ಸಾಕು ಅವರಿಗೆ. ಬಿಲ್ಲನ್ನು ಮೂರು ಸಮಪಾಲು ಮಾಡಿ, ಎಲ್ಲರಿಂದ ಪಡೆದು ಕಟ್ಟುವ ಕೆಲಸ ದೊರೆಸ್ವಾಮಿಯದು. ನ್ಯಾಯಸ್ಥ ಎಂದು ವಠಾರವೇ ಒಪ್ಪಿ ಅವರಿಗೆ ಕೊಟ್ಟದ್ದು.

ನಮ್ಮ ಎಡಗಡೆ ಮನೆಯಲ್ಲಿ ರಂಗಧಾಮಯ್ಯ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿದ್ದು ನಿವೃತ್ತರಾದವರು. ಎದುರು ಮನೆಯಲ್ಲಿ ಜಯಶೀಲಮ್ಮ. ಗಂಡ ಲಾರಿ ಓಡಿಸುತ್ತ ಊರೂರು ತಿರುಗುವವನು. ಆಕೆ ಗ್ರೈಂಡರಿನಲ್ಲಿ ದೋಸೆ ಹಿಟ್ಟು ರುಬ್ಬಿ ಬೀದಿಯವರಿಗೆಲ್ಲ ಮಾರುತ್ತಿದ್ದಳು. ಸಂಜೆಯಾದರೆ ಅವಳ ಬಾಗಿಲಲ್ಲಿ ಡಬ್ಬಿ ಹಿಡಿದವರ ಸಾಲು. ನಮ್ಮ ಮನೆಗೆ ಅವಳೇ ಬಟ್ಟಲಲ್ಲಿ ಹಿಟ್ಟು ತಂದು, "ದೊರೆಸ್ವಾಮಣ್ಣ, ಇವತ್ತಿಂದು ಚೆನ್ನಾಗಿ ಉಬ್ಬೈತೆ, ಬಿಸಿ ಬಿಸಿ ಹುಯ್ಸಿಕೊಂಡು ತಿನ್ನಿ," ಎಂದು ಹೇಳಿ ಹೋಗುವಳು.

ಆ ಸಲದ ಬಿಲ್ಲು ಕೈಗೆ ಬಂದಾಗ ದೊರೆಸ್ವಾಮಿ ಅದನ್ನು ನೋಡಿ, ತಿರುಗಿ ನನ್ನ ಕಡೆ ನೋಡಿದರು. ಅವರಿಗೆ ಅರ್ಥವಾಗಿತ್ತು. ನನಗೂ ಆಗಿತ್ತು.

ಭಾನುವಾರ ಬೆಳಿಗ್ಗೆ ಅಂಗಳದಲ್ಲಿ ಮಾತು ಶುರುವಾಯಿತು. ನಮ್ಮ ಕಿಟಕಿ ತೆರೆದಿತ್ತು, ಒಂದೊಂದು ಮಾತೂ ತೊಟ್ಟಿಯವರೆಗೆ ಕೇಳುತ್ತಿತ್ತು.

"ಇದೇನ್ರೀ ಇದು, ಇಷ್ಟೊಂದು!" ರಂಗಧಾಮಯ್ಯನವರ ದನಿ. "ನಾನು ಟೀವಿ ಹಾಕೋದೇ ವಾರ್ತೆಗೆ. ನಿಮ್ಮ ಮೀನಿನ ಪೆಟ್ಟಿಗೆ ಎಷ್ಟು ಎಳೀತದೆ ದೊರೆಸ್ವಾಮಿ?"

"ಅದಕ್ಕೇನು ಸ್ವಾಮಿ, ಒಂದು ಸಣ್ಣ ಬಲ್ಬು ಉರಿದಷ್ಟು."

"ಅದೇ ಮತ್ತೆ. ಹಂಗಾದ್ರೆ ಉಳಿದಿದ್ದು ಒಂದೇ. ಜಯಶೀಲಮ್ಮ, ತಪ್ಪು ತಿಳ್ಕೋಬೇಡಿ, ನಿಮ್ಮ ಗ್ರೈಂಡರು. ನೀವು ವ್ಯಾಪಾರ ಮಾಡ್ತೀರಿ, ಕರೆಂಟು ನಾವು ಕಟ್ತೀವಿ. ಇದು ನ್ಯಾಯಾನಾ?"

"ಅದು ಮೊದ್ಲಿಂದ್ಲೂ ಇತ್ತಲ್ಲ ಸ್ವಾಮಿ. ಈಗ್ಯಾಕೆ ಜಾಸ್ತಿ ಬತ್ತದೆ?" ಜಯಶೀಲಮ್ಮನ ದನಿ ಸಣ್ಣಗಾಗಿತ್ತು. "ದೊರೆಸ್ವಾಮಣ್ಣ, ನೀವೇ ಹೇಳಿ."

ದೊರೆಸ್ವಾಮಿ ಒಳಗೆ ಬಂದು ಕುರ್ಚಿಯಲ್ಲಿ ಕೂತರು. ಮೀನುಗಳು ಕಾಳಿಗಾಗಿ ಗಾಜಿಗೆ ಬಾಯಿ ತಾಗಿಸಿದವು. ಅವರು ಕಾಳು ಹಾಕಲಿಲ್ಲ.

"ಸಣ್ಣ ಬಲ್ಬಾ?" ಎಂದಳು ಕೋಮಲ, ಅಡುಗೆಮನೆಯ ಬಾಗಿಲಲ್ಲಿ ನಿಂತು.

"ಸುಮ್ನಿರು."

"ಹೋಗಿ ಹೇಳ್ಬಿಡಿ ರೀ. ಏನು ಮಹಾ ಆಗತ್ತೆ?"

"ವಠಾರದಲ್ಲಿ ಮೀನು ಸಾಕೋದೇ ಬೇಡ ಅಂತಾರೆ, ಅಷ್ಟೇ. ಬಿಲ್ಲು ಕಟ್ಟೋನೇ ಹಿಂಗಾ ಅಂತಾರೆ. ಬೀದೀಲಿ ತಲೆ ಎತ್ತಿ ಓಡಾಡೋ ಹಂಗಿರಲ್ಲ."

ಮಾರನೆಯ ದಿನದಿಂದ ಜಯಶೀಲಮ್ಮನ ಗ್ರೈಂಡರು ಸದ್ದು ಮಾಡಲಿಲ್ಲ. ಅದರ ಬದಲು ಅಂಗಳದಲ್ಲಿ ಬೇರೆ ಸದ್ದು ಬಂತು. ನಲ್ಲಿಯ ಪಕ್ಕ ಬೇಡವಾಗಿ ಬಿದ್ದಿದ್ದ ಒರಳನ್ನು ತೊಳೆದು, ಅವಳು ಕೈಯಲ್ಲೇ ರುಬ್ಬತೊಡಗಿದ್ದಳು. ಗರ ಗರ ಎಂದು ಕಲ್ಲು ತಿರುಗುವ ಸದ್ದು ಮಧ್ಯಾಹ್ನವೆಲ್ಲ ಇರುತ್ತಿತ್ತು. ನಡುವೆ ನಿಲ್ಲುವುದು, ಮತ್ತೆ ಶುರುವಾಗುವುದು. ರಜೆಯ ದಿನ ಮನೆಯಲ್ಲಿರುವಾಗ ದೊರೆಸ್ವಾಮಿ ಕಿಟಕಿ ಮುಚ್ಚುತ್ತಿದ್ದರು. ಮುಚ್ಚಿದರೂ ಕೇಳುತ್ತಿತ್ತು. ಕಡಿಮೆ ಹಿಟ್ಟು, ತಡವಾದ ಹಿಟ್ಟು. ಡಬ್ಬಿಯವರ ಸಾಲು ಸಣ್ಣದಾಯಿತು. ಒಂದು ಸಂಜೆ ಅವಳು ಬಟ್ಟಲು ತಂದಾಗ ಅಂಗೈಗೆ ಬಟ್ಟೆ ಸುತ್ತಿತ್ತು. ದೊರೆಸ್ವಾಮಿ ಬಟ್ಟಲನ್ನು ತೆಗೆದುಕೊಂಡರು. ಕೈಯನ್ನು ನೋಡಿಯೂ ನೋಡದ ಹಾಗೆ ಇದ್ದರು. ಆ ದಿನ ಅವರು ದೋಸೆಯನ್ನು ತಟ್ಟೆಯಲ್ಲೇ ಬಿಟ್ಟರು.

ಇನ್ನು ತಡೆಯಲಾರದೆ ಅವರು ಒಂದು ಕೆಲಸ ಮಾಡಿದರು. ಅದನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡಿದರು ಎಂದು ನಾನು ಯಾರ ಮುಂದಾದರೂ ಹೇಳಬಲ್ಲೆ. ಥರ್ಮಾಕೋಲ್ ಹಾಳೆ ತಂದು ಕತ್ತರಿಸಿ ತೊಟ್ಟಿಯ ಮೂರು ಬದಿಗೆ ಅಂಟಿಸಿದರು. ಬಾಯಿಗೆ ಗಾಜು ಮುಚ್ಚಿದರು. ತೊಟ್ಟಿಯ ಮೇಲೆ ಹಗಲೆಲ್ಲ ಉರಿಯುತ್ತಿದ್ದ ಟ್ಯೂಬ್‌ಲೈಟನ್ನು ಸಂಜೆಗೆ ಮಾತ್ರ ಹಾಕತೊಡಗಿದರು. ಕಿಟಕಿಯ ಗಾಳಿ ಬಡಿಯದ ಒಳಗೋಡೆಗೆ ತೊಟ್ಟಿಯನ್ನೇ ಸರಿಸಿದರು. ನನ್ನ ತಿರುಗುಣಿಯನ್ನು ಮೀನಿಗೆ ತೊಂದರೆಯಾಗದಷ್ಟು ಕೆಳಗೆ ತಿರುಗಿಸಿದರು. ನನಗೆ ಹಾಯೆನಿಸಿತು. ನನ್ನ ದೀಪ ಈಗ ಹೊತ್ತುವುದಕ್ಕಿಂತ ಆರಿರುವುದೇ ಹೆಚ್ಚಾಯಿತು. ಮೀನುಗಳೂ ಚೆನ್ನಾಗಿದ್ದವು. ಇಷ್ಟೇ ಕೆಲಸ. ಮೊದಲ ದಿನವೇ ಮಾಡಬಹುದಾಗಿತ್ತು.

"ಇನ್ನು ಬಿಲ್ಲು ಇಳಿಯತ್ತೆ," ಎಂದರು ಕೋಮಲಳಿಗೆ. "ಯಾರಿಗೂ ಹೊರೆ ಇರಲ್ಲ. ಎಲ್ಲ ತಣ್ಣಗಾಗತ್ತೆ."

ಬಿಲ್ಲು ಇಳಿಯಿತು. ಆದರೆ ಏನೂ ತಣ್ಣಗಾಗಲಿಲ್ಲ.

"ನೋಡಿದ್ರಾ!" ಅಂಗಳದಲ್ಲಿ ರಂಗಧಾಮಯ್ಯನವರು ಕಾಗದವನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದರು. "ಗ್ರೈಂಡರು ನಿಲ್ತು, ಬಿಲ್ಲು ಇಳೀತು. ನಾನು ಹೇಳಿದ್ದು ಸುಳ್ಳಾ?" ಕೊಡ ಹಿಡಿದು ನಿಂತಿದ್ದ ಪಕ್ಕದ ಬೀದಿಯ ಹೆಂಗಸರೂ ಹೌದು ಹೌದು ಎಂದರು.

ದೊರೆಸ್ವಾಮಿ ಬಾಗಿಲಲ್ಲೇ ನಿಂತಿದ್ದರು. ತಾವು ಅಂಟಿಸಿದ ಥರ್ಮಾಕೋಲು, ಮುಚ್ಚಿದ ಗಾಜು, ಎಲ್ಲವೂ ಸೇರಿ ಜಯಶೀಲಮ್ಮನ ವಿರುದ್ಧ ಸಾಕ್ಷಿ ಹೇಳಿದಂತಾಗಿತ್ತು. ಅವರು ಒಳಗೆ ಬಂದು ಗೋಡೆಗೆ ಒರಗಿ ನೆಲದ ಮೇಲೆ ಕೂತರು. ಮೈಕಿನಲ್ಲಿ ಇಡೀ ಊರಿಗೆ ಕೇಳುವಂತೆ ಕೂಗುವ ಮನುಷ್ಯನಿಗೆ ಅಂಗಳದಷ್ಟು ದೂರಕ್ಕೆ ಒಂದು ಮಾತು ಎಸೆಯಲು ಆಗಲಿಲ್ಲ.

ಎರಡು ದಿನ ಬಿಟ್ಟು ಜಯಶೀಲಮ್ಮನೇ ಬಂದಳು. ಒಳಗೆ ಬರಲಿಲ್ಲ, ಹೊಸ್ತಿಲಾಚೆ ನಿಂತಳು.

"ದೊರೆಸ್ವಾಮಣ್ಣ, ನಂಗೆ ಗೊತ್ತಾಗ್ಲಿಲ್ಲ ಕಣಣ್ಣ. ಗ್ರೈಂಡರು ಅಷ್ಟು ಎಳೀತದೆ ಅಂತ ನಿಜವಾಗ್ಲೂ ಗೊತ್ತಿರ್ಲಿಲ್ಲ. ನೀವು ಒಂದು ದಿನಾನೂ ನನ್ನ ಒಂದು ಮಾತು ಅನ್ಲಿಲ್ಲ. ಅದುಕ್ಕೇ ನಿಮ್ಮತ್ರ ಬಂದೆ. ಹಿಂದಿನ ಬಿಲ್ಲಲ್ಲಿ ನಿಮ್ಮ ಪಾಲು ಎಷ್ಟು ಜಾಸ್ತಿ ಹೋಯ್ತೋ ಹೇಳಿ, ಸ್ವಲ್ಪ ಸ್ವಲ್ಪವಾಗಿ ತೀರುಸ್ತೀನಿ."

"ಅದೆಲ್ಲ... ಅದೆಲ್ಲ ಏನೂ ಬೇಡಮ್ಮ."

"ಬೇಡ ಅನ್ಬೇಡಿ. ನೆನ್ನೆ ಗ್ರೈಂಡರು ಮಾರ್ಬಿಟ್ಟೆ. ಮನೇಲಿದ್ರೆ ಮನಸು ತಡೆಯಲ್ಲ, ಮತ್ತೆ ಹಾಕ್ಬುಡ್ತೀನಿ ಅಂತ."

ಕೋಮಲ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ದೊರೆಸ್ವಾಮಿ ಎದ್ದು ನಿಂತರು. ತೊಟ್ಟಿಯ ಬಳಿ ಬಂದು ಪ್ಲಗ್ಗು ಕಿತ್ತರು, ಗಾಜು ಸರಿಸಿ ನೀರಿಗೆ ಕೈ ಹಾಕಿದರು. ನನ್ನನ್ನು ಬಿಗಿಯಾಗಿ ಹಿಡಿದರು. ಆಗ ತಾನೇ ನನ್ನ ದೀಪ ಆರಿತ್ತು. ಇನ್ನೂ ಬಿಸಿ ಇದ್ದೆ. ಅಂಗೈ ಸುಟ್ಟಿರಬೇಕು, ಆದರೂ ಬಿಡಲಿಲ್ಲ. ನೀರು ತೊಟ್ಟಿಕ್ಕುತ್ತಿದ್ದ ನನ್ನನ್ನು ಎತ್ತಿಕೊಂಡು ಅಂಗಳದ ನಡುವೆ ಹೋಗಿ ನಿಂತರು. ಅಷ್ಟು ದಿನ ಗಿಡದ ಮರೆಯಲ್ಲಿದ್ದವನು ನಾನು; ಬಿಸಿಲಿನಲ್ಲಿ ಎಲ್ಲರ ಕಣ್ಣೂ ನನ್ನ ಮೇಲೆ ಬಿದ್ದಾಗ ಮೈಮೇಲೆ ಬಟ್ಟೆಯೇ ಇಲ್ಲದಂತಾಯಿತು.

"ರಂಗಧಾಮಯ್ಯನೋರೇ, ಸ್ವಲ್ಪ ಆಚೆ ಬನ್ನಿ," ಎಂದು ಕರೆದರು. ಅವರು ಬಂದರು. ನಲ್ಲಿಯ ಹತ್ತಿರದ ಹೆಂಗಸರೂ ತಿರುಗಿದರು.

"ಇದು ನೀರು ಕಾಯ್ಸೋ ಹೀಟರು. ನಮ್ಮ ಮೀನಿಂದು. ಬಿಲ್ಲು ಏರಿಸಿದ್ದು ಇದು, ಗ್ರೈಂಡರಲ್ಲ. ನೀವು ಕೇಳ್ದಾಗ ಸಣ್ಣ ಬಲ್ಬು ಅಂತ ಸುಳ್ಳು ಹೇಳ್ದೆ. ಆಮೇಲೆ ಇದು ಕಮ್ಮಿ ಉರಿಯೋ ಹಂಗೆ ಮಾಡ್ದೆ, ಅದಕ್ಕೇ ಬಿಲ್ಲು ಇಳೀತು. ಆ ತಾಯಿ ಕೈಯಲ್ಲಿ ರುಬ್ಬಿದ್ದಕ್ಕಲ್ಲ."

ರಂಗಧಾಮಯ್ಯನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತರು. ಹೆಂಗಸರಲ್ಲಿ ಒಬ್ಬಳು ಥೂ ಎಂದಳು. ಯಾರಿಗೆ ಎಂದಳೋ, ದೊರೆಸ್ವಾಮಿಯ ತಲೆ ಮಾತ್ರ ತಗ್ಗಿತು.

ಜಯಶೀಲಮ್ಮ ಹತ್ತಿರ ಬಂದು ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ನೆಲಕ್ಕೆ ಎಸೆದು ಒಡೆಯುತ್ತಾಳೆ ಎಂದುಕೊಂಡೆ. ಹಾಗಾಗಿದ್ದರೆ ದೊರೆಸ್ವಾಮಿಗೂ ನನಗೂ ಹಗುರವಾಗುತ್ತಿತ್ತು.

"ಅವತ್ತೇ ಹೇಳಿದ್ರೆ ಏನಾಗ್ತಿತ್ತಣ್ಣ?" ಎಂದು ಕೇಳಿದಳು. ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಂತಿತ್ತು.

ದೊರೆಸ್ವಾಮಿ ಯೋಚಿಸಿದರು. "ಏನೂ ಆಗ್ತಿರ್ಲಿಲ್ಲಮ್ಮ," ಎಂದರು.

ಅವಳು ತನ್ನ ಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮರುದಿನ ದೊರೆಸ್ವಾಮಿ ಆ ಗ್ರೈಂಡರನ್ನು ಕೊಂಡ ಮೆಸ್ಸಿನವನನ್ನು ಹುಡುಕಿಕೊಂಡು ಹೋದರು. ಅವನು ಆಗಲೇ ಅದನ್ನು ಮಂಗಳೂರು ಕಡೆಗೆ ಕಳಿಸಿಬಿಟ್ಟಿದ್ದ. ಬರಿಗೈಯಲ್ಲಿ ಬಂದವರು, ಸಂಜೆಗೆ ಮೀನು, ತೊಟ್ಟಿ, ನನ್ನನ್ನು ಎಲ್ಲ ಆಟೋದಲ್ಲಿಟ್ಟು ಇಲಿಯಾಸನ ಅಂಗಡಿಗೆ ತಂದರು. ಮೀನುಗಳನ್ನು ಚೀಲದಿಂದ ಅಂಗಡಿಯ ತೊಟ್ಟಿಗೆ ಬಿಡುವಾಗ ಅವರು ಬೀದಿಯ ಕಡೆ ಮುಖ ಮಾಡಿ ನಿಂತಿದ್ದರು. ಬಂದ ಹಣದಲ್ಲಿ ಜಯಶೀಲಮ್ಮನಿಗೆ ಹೊಸ ಗ್ರೈಂಡರು ಕೊಂಡರಂತೆ.

ಅನಂತರದ ನನ್ನ ಬದುಕಿನಲ್ಲಿ ಹೇಳುವಂಥದ್ದು ಹೆಚ್ಚಿಲ್ಲ. ಇಲಿಯಾಸ್ ನನ್ನನ್ನು ಅಗ್ಗಕ್ಕೆ ಒಬ್ಬ ದಂತವೈದ್ಯರಿಗೆ ಮಾರಿದ. ಅವರ ಕ್ಲಿನಿಕ್ಕಿನಲ್ಲಿ ಹಲ್ಲು ನೋವಿನವರು ನೋಡಲೆಂದು ಇಟ್ಟ ಮೀನಿಗೆ ಕೆಲವು ಚಳಿಗಾಲ ನೀರು ಕಾಯಿಸಿದೆ. ಅಲ್ಲಿ ಯಾರೋ ನೀರು ಬದಲಿಸುವಾಗ ಪ್ಲಗ್ಗು ಕೀಳುವುದನ್ನು ಮರೆತರು. ಒಣಗಿದ ತೊಟ್ಟಿಯಲ್ಲಿ ಉರಿದು, ತಣ್ಣೀರು ಬಿದ್ದೊಡನೆ ನನ್ನ ಗಾಜು ಸೀಳಿತು. ಈಗ ಮತ್ತೆ ಇಲಿಯಾಸನ ಅಂಗಡಿಯಲ್ಲಿ, ಕೆಟ್ಟ ಪಂಪು, ಹರಿದ ಪೈಪುಗಳ ಜೊತೆ ಗಲ್ಲಾದ ಕೆಳಗಿನ ಬುಟ್ಟಿಯಲ್ಲಿದ್ದೇನೆ.

ದೊರೆಸ್ವಾಮಿ ಆಗಾಗ ಇಲ್ಲಿಗೆ ಬರುತ್ತಾರೆ. ಬುಟ್ಟಿಯೊಳಗಿಂದ ನನಗೆ ಅವರ ಚಪ್ಪಲಿ ಕಾಣುತ್ತದೆ, ಮಾತು ಕೇಳುತ್ತದೆ. ಡಿಸ್ಕಸ್ ಇರುವ ತೊಟ್ಟಿಯ ಮುಂದೆ ನಿಲ್ಲುತ್ತಾರೆ, ಏನೂ ಕೊಳ್ಳುವುದಿಲ್ಲ.

"ಈಗ ಮೂರು ಮನೆಗೂ ಬೇರೆ ಬೇರೆ ಮೀಟರು ಆಯ್ತಲ್ಲ ಸರ್," ಎಂದ ಇಲಿಯಾಸ್ ಒಂದು ದಿನ. "ನಿಮ್ಮ ಕರೆಂಟು, ನಿಮ್ಮ ಮೀನು. ಯಾರು ಕೇಳ್ತಾರೆ? ಒಂದು ಜೋಡಿ ತಗೊಂಡು ಹೋಗಿ."

"ಬೇಡ ಇಲಿಯಾಸ್."

"ಆ ಅಮ್ಮ ಇನ್ನೂ ಸಿಟ್ಟಾಗವ್ರಾ?"

"ಇಲ್ಲಪ್ಪ. ಗ್ರೈಂಡರು ಇಸ್ಕೊಂಡ್ರು. ವ್ಯಾಪಾರ ಮೊದ್ಲಿಗಿಂತ ಚೆನ್ನಾಗೈತೆ. ನಮಗೂ ಹಿಟ್ಟು ಕೊಡ್ತಾರೆ, ಎದುರಿಗೆ ಸಿಕ್ಕಿದ್ರೆ ಚೆನ್ನಾಗೇ ಮಾತಾಡ್ತಾರೆ."

"ಮತ್ತೆ?"

ದೊರೆಸ್ವಾಮಿಯ ಚಪ್ಪಲಿ ಬಾಗಿಲ ಕಡೆ ತಿರುಗಿತು, ಅಲ್ಲೇ ನಿಂತಿತು.

"ಈಗ ಅಣ್ಣ ಅನ್ನಲ್ಲ," ಎಂದರು. "ಸಾರ್ ಅಂತಾರೆ."

ಇಲಿಯಾಸ್ ಮೀನಿಗೆ ಕಾಳು ಹಾಕತೊಡಗಿದ. ನನ್ನಿಂದಲೂ ಏನೂ ಮಾಡಲಾಗುವಂತಿರಲಿಲ್ಲ. ಆರಿದ್ದನ್ನೆಲ್ಲ ಮತ್ತೆ ಬೆಚ್ಚಗೆ ಮಾಡಬಹುದು ಎಂದು ನಂಬಿ ಬದುಕಿದವನು ನಾನು. ಅದು ನೀರಿನ ಮಟ್ಟಿಗಷ್ಟೇ ನಿಜ.